ಅವ್ವನ ಕಾಲು ಒಣಗಿದ್ದ ದಿನ

ಬೆಳಿಗ್ಗೆ ನಳ ಬಂದಾಗ ಕೊಡಗಳನ್ನೆಲ್ಲ ತುಂಬಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದೆ. ಒಣಮೆಣಸಿನಕಾಯಿ ಮಾಳಿಗೆಯ ಮೇಲೆ ಹರವಿ, ಹಾರದಂತೆ ಹಳೆಯ ಸೀರೆ ಹೊದಿಸಿ ಅಂಚಿಗೆ ಕಲ್ಲು ಇಟ್ಟೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಬೇಳೆ ಒಲೆಯ ಮೇಲಿಟ್ಟು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಾಗ ಪಕ್ಕದ ಮನೆಯ ಶಾಂತಾ ಫೋನು ಹಿಡಿದುಕೊಂಡು ಒಳಗೆ ಬಂದಳು.

"ಅಕ್ಕಾರ, ಇದು ನಿಮ್ಮ ದೊಡ್ಡವ್ವನ ಊರು ಹೌದಿಲ್ಲೋ ನೋಡ್ರಿ. ಕರಿಗಡ್ಡಿ ಅಂತ ಬರದಾರ."

ಕೈ ಒರೆಸಿಕೊಂಡು ನೋಡಿದೆ. ಹದ್ದು ಮೇಲಿಂದ ನೋಡಿದ ಹಾಗೆ ಕಾಣುತ್ತಿತ್ತು. ಕೃಷ್ಣೆಯ ನಡುವೆ ಕಪ್ಪು ಕಲ್ಲಿನ ನಡುಗಡ್ಡೆ, ಅದರ ಮೇಲೆ ತೋಳು ಚಾಚಿ ನಿಂತ ಹುಡುಗ ಹುಡುಗಿಯರು, ಹಿಂದೆ ಯಾವುದೋ ಹಾಡು. ಗಾಳಿಯ ಸದ್ದು ಮಾತ್ರ ಇರಲಿಲ್ಲ. ಗಾಳಿಯ ಸದ್ದಿಲ್ಲದ ಕರಿಗಡ್ಡಿ ನನ್ನ ಮಟ್ಟಿಗೆ ಕರಿಗಡ್ಡಿಯೇ ಅಲ್ಲ.

"ಎಷ್ಟ್ ಚಂದ ಅದಲ್ರಿ! ನಾವೂ ಒಂದ್ ಐತಾರ ಹೋಗಿ ಬರೂಣು" ಎಂದಳು ಶಾಂತಾ. ನಾನು ಹೂಂ ಎಂದೆ. ಅವಳು ಹೋದ ಮೇಲೆ ಬೇಳೆ ಉಕ್ಕಿ ಒಲೆ ಆರುವವರೆಗೂ ಸುಮ್ಮನೆ ಕೂತೇ ಇದ್ದೆ.

ನಮ್ಮವ್ವನ ಅಕ್ಕ ಭೀಮವ್ವ, ನನ್ನ ದೊಡ್ಡವ್ವ, ಮನುಷ್ಯರ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು. ಯಾರೇ ಎದುರು ಬಂದರೂ ಅವಳ ಕಣ್ಣು ಮೊದಲು ನೆಲಕ್ಕೆ ಇಳಿಯುತ್ತಿತ್ತು. ಬೆರಳು, ಹಿಮ್ಮಡಿ, ಹಿಮ್ಮಡಿಯ ಬಿರುಕು, ಎಲ್ಲ ನೋಡಿ ಮುಗಿಸಿ, ಬೇಕೆನಿಸಿದರೆ ಮಾತ್ರ ತಲೆ ಎತ್ತುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಮ್ಮವರನ್ನು ಕರೆದುಕೊಂಡು ಹೋದಾಗ ಇವರು ಹೊಸ ಬೂಟು ಹಾಕಿದ್ದರು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ, ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ಬೂಟು ಬಿಚ್ಚಿಸಿ, ಕಾಲಿಗೆ ನೀರು ಹಾಕುತ್ತ ದೊಡ್ಡವ್ವ ತೀರ್ಪು ಕೊಟ್ಟಳು:

"ಇದು ನೆಳ್ಳಾಗ ಬೆಳದ ಕಾಲು. ಕುರ್ಚಿ ಕಾಲು."

ಅಂದಿನಿಂದ ಗಡ್ಡಿಯ ಮಂದಿಗೆಲ್ಲ ನಮ್ಮವರು ಕುರ್ಚಿಕಾಲಿನ ಅಳಿಯ. ಇವರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ತಾವೇ ದಂಡೆಯಲ್ಲಿ ನಿಂತು "ಕುರ್ಚಿಕಾಲು ಬಂದದ, ಹರಗೋಲ ಕಳಸ್ರಿ" ಎಂದು ಕೂಗುವಷ್ಟು ಒಗ್ಗಿದರು.

ಅಲ್ಲಿಗೆ ಹೋಗುವುದು ಅರ್ಧ ದಿನದ ಕೆಲಸ. ಕ್ಯಾಂಪಿನಿಂದ ಸುರಪುರದ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಕಾಲುವೆ ಬಂದ ಮೇಲೆ ದಾರಿಯುದ್ದಕ್ಕೂ ಭತ್ತದ ಗದ್ದೆ; ನಾನು ಸಣ್ಣವಳಿದ್ದಾಗ ಜೋಳ, ತೊಗರಿ ಕಂಡ ಎರೆಹೊಲಗಳೇ ಅವು. ಕೊನೆಯ ಊರಲ್ಲಿ ಇಳಿದು ಹತ್ತಿ ಹೊಲದ ಬದುವಿನ ಮೇಲೆ ನಡೆದರೆ ಹೊಳೆ. ಹೊಳೆಯ ನಡುವೆ ಕರಿಗಡ್ಡಿ. ಗಿಡವೆಂದರೆ ಜಾಲಿ, ಅದೂ ಗಾಳಿಗೆ ಬೆನ್ನು ಬಾಗಿಸಿದ ಮುದುಕಿಯ ಹಾಗೆ ಒಂದೇ ಕಡೆ ಬಾಗಿದ್ದು. ಮನೆಯ ತಗಡುಗಳ ಮೇಲೆ ಕಲ್ಲು ಹೇರಿರುತ್ತಿದ್ದರು. ಬಡಿದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮೇಲೆ ತಟ್ಟೆ ಮುಚ್ಚದಿದ್ದರೆ ಅದು ಹೊಳೆಪಾಲು. ಗಾಳಿಯ ಮೇಲೆ ಮಾತಾಡಿ ಮಾತಾಡಿ ಗಡ್ಡಿಯವರ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಸುರಪುರದ ಸಂತೆಯಲ್ಲಿ ಅವರು ಬದನೆಕಾಯಿ ಕೇಳಿದರೂ ಜಗಳಕ್ಕೆ ಬಂದಾರೆಂದು ಜನ ತಿರುಗಿ ನೋಡುತ್ತಿದ್ದರು. ಸುತ್ತ ನೀರು, ಆದರೆ ಬೆಳೆಗೆ ಹನಿ ಇಲ್ಲ. ಬಂಡೆಯ ಸಂದಿಯ ಮಣ್ಣಿನಲ್ಲಿ ಸಜ್ಜೆ, ಹುರುಳಿ. "ನಿಮ್ಮ ಕಾಲುವಿಗಿ ಹೇಳ್ರೆಪ್ಪಾ, ಒಂದ್ ಸಲ ನಮ್ಮ ಮನಿಗೂ ಬಂದ್ ಹೋಗಂತ" ಎಂದು ದೊಡ್ಡವ್ವ ನಮ್ಮವರನ್ನು ಕಾಡುತ್ತಿದ್ದಳು.

ಗಡ್ಡಿಯ ದಂಡೆಯಲ್ಲಿ ಒಂದು ಕಲ್ಲು ಇತ್ತು. ಅದೇ ಹೊಳಿಯವ್ವ. ಮೈತುಂಬ ಸಿಂಧೂರ ಬಳಿದು ಕೆಂಪಗೆ ಮಾಡಿದ್ದರು. ಅಷ್ಟು ಕಪ್ಪಿನ ನಡುವೆ ಅದೊಂದೇ ಕೆಂಪು. ಬುಡದಲ್ಲಿ ಎರಡು ಉಬ್ಬು ಇದ್ದವು, ಅವು ಅವಳ ಕಾಲು. ಹೊಳೆ ಏರಿ ಆ ಉಬ್ಬು ಮುಟ್ಟಿತೆಂದರೆ "ಅವ್ವ ಕಾಲ್ ತೊಳ್ಕೊಂಡಾಳ" ಎನ್ನುತ್ತಿದ್ದರು. ಆಮೇಲೆ ಹರಿಗೋಲು ನೀರಿಗೆ ಇಳಿಯುವಂತಿರಲಿಲ್ಲ. ಯಾಕೆಂದರೆ ಸ್ವಲ್ಪ ಕೆಳಗೆ ನಾಯಿಹಲ್ಲು ಎಂಬ ಬಂಡೆಗಳ ಸಾಲಿದೆ. ನೀರು ಅವ್ವನ ಕಾಲಿಗೆ ಬರುವ ಹೊತ್ತಿಗೆ ಆ ಬಂಡೆಗಳು ಮುಳುಗಿ ಕಣ್ಣಿಗೆ ಕಾಣುವುದಿಲ್ಲ, ಸೆಳವೆಲ್ಲ ಅತ್ತಲೇ ತಿರುಗುತ್ತದೆ. ಹಿಂದೆ ಒಂದು ಹರಿಗೋಲು ಅಲ್ಲಿ ಸಿಕ್ಕು ಚೂರಾಗಿತ್ತಂತೆ.

ಅವ್ವನ ಕಾಲು ನೋಡುವುದು ಪೂಜೆಯ ಮನೆಯ ಹಿರಿಯ ಹೆಣ್ಣಿನ ಹಕ್ಕು. ದೊಡ್ಡವ್ವ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಅಂಗೈಯನ್ನು ಅವ್ವನ ಕಾಲಿಗೆ ಒತ್ತಿ, ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸುತ್ತಿದ್ದಳು. ಒಣ ಅಂಗೈ ಕಂಡರೆ ಹರಿಗೋಲು ಇಳಿಯಿತು. ಅದರ ಮೇಲೆ ಯಾರದೂ ಮಾತಿಲ್ಲ. ಹರಿಗೋಲು ಹಾಕುವವನು ನಡುಹೊಳೆಗೆ ಹೋದಾಗ ಒಮ್ಮೆ ಹಿಂದೆ ತಿರುಗಿ ಅವ್ವನಿಗೆ ಕೈ ಮುಗಿಯಬೇಕು. ಅದೂ ಪದ್ಧತಿ.

"ನಮ್ಮ ಆಫೀಸ್ನಾಗೂ ನೀರು ಅಳಿಯೂ ಗೇಜು ಇರ್ತದ ದೊಡ್ಡವ್ವ" ಎಂದರು ಒಮ್ಮೆ ನಮ್ಮವರು.

"ಅದಕ್ಕ ಕುಂಕುಮ ಹಚ್ಚೀರೇನು?"

"ಇಲ್ಲ."

"ಊದಿನಕಡ್ಡಿ?"

"ಇಲ್ಲ."

"ಮತ್ತ ಅದು ನಿಮಗ ಖರೇ ಯಾಕ ಹೇಳ್ತದ?"

ಇವರು ನಗುತ್ತ ನನ್ನ ಮುಖ ನೋಡಿದರು. ಅವಳು ನಗಲಿಲ್ಲ.

ದೊಡ್ಡವ್ವನಿಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ರೇಣುಕಾ. ರೇಣುಕಾಳ ಗಂಡ ನಿಂಗಪ್ಪ ಮನೆಯಳಿಯನಾಗಿ ಬಂದು ಹರಿಗೋಲು ಹಾಕಲು ಕಲಿತವನು. ಸಣ್ಣ ಮೈ, ದೊಡ್ಡ ಮೀಸೆ, ಊರಿಗೆಲ್ಲ ಬೇಕಾದವನು. ಅತ್ತೆ ಅಳಿಯ ದಿನಕ್ಕೊಮ್ಮೆ ಜಗಳಾಡದಿದ್ದರೆ ರೇಣುಕಾಳಿಗೆ ಯಾರಿಗೋ ಜ್ವರ ಬಂದಿದೆ ಎಂಬ ಅನುಮಾನ.

ಗಡ್ಡಿಗೆ ಹೊರಗಿನ ಮಂದಿ ಬರಲು ಶುರುವಾದದ್ದು ಒಬ್ಬ ಮೇಷ್ಟ್ರಿಂದ. ಯಾವುದೋ ಕಾಲೇಜಿನವರು, ಹುಡುಗರನ್ನು ಕರೆದುಕೊಂಡು ಕಲ್ಲು ತೋರಿಸಲು ಬಂದಿದ್ದರು. ಈ ಕರಿಕಲ್ಲು ಒಂದು ಕಾಲಕ್ಕೆ ಭೂಮಿಯ ಹೊಟ್ಟೆಯೊಳಗಿನ ಬೆಂಕಿ, ಕರಗಿ ಸಂದಿಯಿಂದ ಉಕ್ಕಿ ಬಂದು ತಣ್ಣಗಾಗಿ ಹೀಗೆ ನಿಂತಿದೆ, ಸಮುದ್ರದಲ್ಲಿ ಬೆಂಕಿಬೆಟ್ಟದ ನಡುಗಡ್ಡೆಗಳಿರುತ್ತವಲ್ಲ, ಅವುಗಳ ದೂರದ ಸಂಬಂಧಿ ಎಂದು ಹೇಳಿದರು. ದೊಡ್ಡವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ಬೆಂಕಿ ತಣ್ಣಗಾಗ್ಯಾದಂತ ಯಾರ್ ಹೇಳ್ಯಾರ್ರಿ ಸರ? ಇಲ್ಲಿ ಹೆಣ್ಮಕ್ಕಳ ಬಾಯಿ ನೋಡಿಲ್ಲ ನೀವು."

ಹುಡುಗರು ಬಿದ್ದು ಬಿದ್ದು ನಕ್ಕರು. ಹೊಳೆ ದಾಟಿ ಬಂದವರಿಗೆ ಉಣ್ಣಿಸದೆ ಕಳಿಸಬಾರದು ಎಂಬುದು ಗಡ್ಡಿಯ ನೇಮ. ಅಷ್ಟೂ ಹುಡುಗರಿಗೆ ಸಜ್ಜೆ ರೊಟ್ಟಿ, ಹುರುಳಿ ಸಾರು, ಕೆಂಪು ಖಾರದ ಹಿಂಡಿ ಹಾಕಿದಳು. ಆಮೇಲೆ ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಕಲ್ಲು ಅರ್ಧ, ದೊಡ್ಡವ್ವ ಅರ್ಧ.

ಅಲ್ಲಿಂದ ರಜೆಯ ಐತಾರಗಳು ಬದಲಾದವು. ಶಹಾಪುರದಿಂದ, ಯಾದಗಿರಿಯಿಂದ, ಕೆಂಭಾವಿಯಿಂದ ಮಂದಿ ಜೀಪು ಮಾಡಿಕೊಂಡು ಬಂದರು. ಖರೇ ಹೇಳಬೇಕೆಂದರೆ ದೊಡ್ಡವ್ವನಿಗೂ ಅದು ಸೇರುತ್ತಿತ್ತು. ಐತಾರ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ದಂಡೆಗೆ ಬಂದು ಕೂಡುವಳು. ಫೋಟೋ ತೆಗೆಯುವವರಿಗೆ "ಕಾಲು ಬರೂಹಂಗ ತಗೀರೆಪ್ಪಾ, ಮಾರಿ ಏನ್ ನೋಡ್ತೀರಿ" ಎಂದು ಹುಕುಂ ಕೊಡುವಳು. ನಿಂಗಪ್ಪ ದೊಡ್ಡ ಹರಿಗೋಲು ಮಾಡಿಸಿದ. ತಗಡಿನ ಶೆಡ್ಡು ಹಾಕಿ ಚಹಾ, ಮಿರ್ಚಿ ಭಜಿ ಇಟ್ಟ. ಬಂದವರು ಕುಣಿಯಲಿ ಎಂದು ಹರಿಗೋಲಿಗೊಂದು ಟೇಪ್ ರಿಕಾರ್ಡರು ತಂದ. ಉಣ್ಣಿಸುವ ನೇಮ ಮಾತ್ರ ಎರಡು ಬೇಸಿಗೆಯಲ್ಲಿ ಸೋತಿತು. ಅಷ್ಟು ಮಂದಿಗೆ ಎಲ್ಲಿಂದ ಹಾಕುವುದು? "ನೀರು ಕುಡೀರಿ" ಎನ್ನುವಾಗ ದೊಡ್ಡವ್ವ ಅವರ ಕಾಲು ಕೂಡ ನೋಡುತ್ತಿರಲಿಲ್ಲ.

ಆಮೇಲೆ ಬಾಟಲಿಗಳು ಬಂದವು. ಕುಡಿದು ಬಂಡೆಗೆ ಬಡಿದರೆ ಗಾಳಿಯಲ್ಲಿ ಚಂದ ಸದ್ದಾಗುತ್ತದೆಂದು ಬಡಿದರು. ಗಡ್ಡಿಯವರು ಹುಟ್ಟಿನಿಂದ ಬರಿಗಾಲಿನವರು. ನಾನು ಒಮ್ಮೆ ಹೋದಾಗ ದೊಡ್ಡವ್ವ ಹೊಸ್ತಿಲಲ್ಲಿ ಕೂತು ಸೂಜಿಯಿಂದ ಹಿಮ್ಮಡಿಯೊಳಗಿನ ಗಾಜಿನ ಚೂರು ಕೀಳುತ್ತಿದ್ದಳು. ಮುಖ ಎತ್ತದೆ ಹೇಳಿದಳು:

"ಮೊದಲ ಈ ಕಲ್ಲು ಬ್ಯಾಸಿಗ್ಯಾಗ ಸುಡ್ತಿತ್ತು, ಅಷ್ಟ. ಈಗ ಕಡೀತದ ತಂಗಿ."

ಅದೇ ದಿನ ಮಧ್ಯಾಹ್ನ ಒಬ್ಬ ತರುಣ, ಕಪ್ಪು ಕನ್ನಡಕದವನು, ಬೂಟುಗಾಲನ್ನು ಅವ್ವನ ಕಾಲಿನ ಮೇಲೆ ಇಟ್ಟು, ಸೊಂಟದ ಮೇಲೆ ಕೈ ಇಟ್ಟು ಫೋಟೋಗೆ ನಿಂತ. ಅದು ದೇವರೆಂದು ಅವನಿಗೆ ಗೊತ್ತಿರಲಿಲ್ಲ. ದೊಡ್ಡವ್ವ ಕುಂಟುತ್ತ ಹೋದಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯಿಂದ ಅವನ ಬೂಟನ್ನು ಹಿಡಿದು, ಕೂಸಿನ ಕಾಲು ಸರಿಸುವಂತೆ ಮೆಲ್ಲಗೆ ಪಕ್ಕಕ್ಕೆ ಇಟ್ಟಳು. ಸೆರಗಿನಿಂದ ಅವ್ವನ ಕಾಲು ಒರೆಸಿದಳು. ಹುಡುಗ ನಾಚಿ "ಸಾರಿ ಅಜ್ಜಿ" ಎಂದ. ಮನೆಗೆ ಬಂದು ನಿಂಗಪ್ಪನಿಗೆ ಹೇಳಿದಳು:

"ಅವ್ವನ್ನ ಏರ್ಸ್ರಿ. ಒಂದ್ ಕಟ್ಟಿ ಕಟ್ಟಿಸಿ ಮ್ಯಾಲ ಕೂಡಸ್ರಿ. ಯಾವನ ಕಾಲೂ ಮುಟ್ಟಬಾರ್ದು ಅಷ್ಟ್ ಎತ್ತರ."

ಹಿರಿಯರು ಒಪ್ಪಿದರು. ದೇವರನ್ನು ಮೇಲೇರಿಸುವುದಕ್ಕೆ ಯಾರ ತಕರಾರು? ಶಹಾಪುರದಿಂದ ಸಿಮೆಂಟು ಕೊಂಡು ಸಾಗಿಸಿದವರು ನಮ್ಮವರೇ. ಅದೇ ಜಾಗದಲ್ಲಿ ಸೊಂಟದೆತ್ತರ ಕಟ್ಟೆ ಕಟ್ಟಿ, ಪೂಜೆ ಮಾಡಿ, ನಾಲ್ಕಾರು ಮಂದಿ ಹಗ್ಗ ಹಾಕಿ ಅವ್ವನನ್ನು ಎತ್ತಿ ಕೂಡಿಸಿದರು. ಬಿಳಿ ಸುಣ್ಣದ ಕಟ್ಟೆಯ ಮೇಲೆ ಅವ್ವ ಕೆಂಪಗೆ ಕಂಡಳು. ಎಲ್ಲರೂ ಗೋಧಿ ಹುಗ್ಗಿ ಉಂಡೆವು. "ಈಗ ಅವ್ವಗ ಹೊಳಿ ಚಂದ ಕಾಣ್ತದ" ಎಂದು ದೊಡ್ಡವ್ವ ಕಣ್ಣು ಒರೆಸಿಕೊಂಡಳು. ಅಷ್ಟು ಮಂದಿ ಇದ್ದೆವು. ಹುಟ್ಟಿದಾಗಿನಿಂದ ಹೊಳೆ ಕಂಡವರು, ಹೊಳೆಯ ನೀರು ಹಂಚುವ ಆಫೀಸಿನವರು. ಅವ್ವ ಮೇಲೇರಿದರೆ ಅವಳ ಕಾಲೂ ಮೇಲೇರುತ್ತದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಆ ಬೇಸಿಗೆಯಲ್ಲಿ ಹೊಳೆ ಎಲ್ಲೋ ಕೆಳಗೆ ಸಣ್ಣಗೆ ಹರಿಯುತ್ತಿತ್ತು. ಯಾರಿಗೂ ಅವ್ವನ ಕಾಲು ನೋಡುವ ಅಗತ್ಯ ಬೀಳಲಿಲ್ಲ.

ಅಗತ್ಯ ಬಿದ್ದದ್ದು ಶ್ರಾವಣದಲ್ಲಿ. ರೇಣುಕಾ ತುಂಬಿದ ಬಸುರಿ, ನಾಲ್ಕು ದಿನ ಅವಳ ಜೊತೆ ಇರೋಣವೆಂದು ನಾನು ಹೋಗಿದ್ದೆ. ನಮ್ಮವರು ಬಿಟ್ಟುಬರಲು ಬಂದವರು ಮರುದಿನ ಮಧ್ಯಾಹ್ನ ತಿರುಗಿ ಹೊರಟರು. ಕಲ್ಲು ನೋಡಲು ಬಂದಿದ್ದ ಒಂದು ಗುಂಪೂ ಹೊರಟಿತ್ತು, ಹೆಣ್ಣುಮಕ್ಕಳೂ ಇದ್ದರು. ಆಕಾಶದಲ್ಲಿ ಒಂದು ಮೋಡವಿಲ್ಲ. ಆದರೆ ಡ್ಯಾಮು ಆದಮೇಲಿನ ಹೊಳೆಗೂ ಮೋಡಕ್ಕೂ ಸಂಬಂಧ ಕಡಿದುಹೋಗಿದೆ. ಮಳೆ ಎಲ್ಲೋ ಘಟ್ಟದಲ್ಲಿ ಬೀಳುತ್ತದೆ, ಗೇಟು ಮೇಲೆಲ್ಲೋ ತೆರೆಯುತ್ತದೆ, ಸುದ್ದಿಗಿಂತ ಮೊದಲು ನೀರೇ ಗಡ್ಡಿಗೆ ಬರುತ್ತದೆ. ಬಿಸಿಲಲ್ಲಿ ಬರುವ ಹೊಳೆ ಅದು.

ದೊಡ್ಡವ್ವ ಮೇಲಿನ ಮಗ್ಗುಲಿಂದ ಕಟ್ಟೆಯ ಬಳಿ ಹೋದಳು, ಹೊಳೆಯ ಕಡೆ ಬಗ್ಗಿ ನೋಡಲಿಲ್ಲ. ಸೆರಗು ಎಳೆದುಕೊಂಡು, ಅಂಗೈ ಅವ್ವನ ಕಾಲಿಗೆ ಒತ್ತಿ, ಎತ್ತಿ ತೋರಿಸಿದಳು. ಒಣ ಅಂಗೈ.

"ಅವ್ವನ ಕಾಲು ಒಣಗೇ ಅದ. ಹೋಗಿಬರ್ರಿ."

ನಿಂಗಪ್ಪ ಹರಿಗೋಲು ತಳ್ಳಿದ. ಹಾಡು ಹಚ್ಚಿದರು. ನಮ್ಮವರು ಬೂಟು ಒದ್ದೆಯಾಗದಂತೆ ಕೈಯಲ್ಲಿ ಹಿಡಿದು ಕೂತಿದ್ದರು. ನಾನು ಮುಸುರೆ ಪಾತ್ರೆ ತೆಗೆದುಕೊಂಡು ದಂಡೆಯ ಮಗ್ಗುಲಿಗೆ ಹೋದೆ. ಅಲ್ಲಿ ಒಗೆಯುವ ಚಪ್ಪಟೆ ಕಲ್ಲಿತ್ತು, ಬೆಳಿಗ್ಗೆ ಅದರ ಮೇಲೆಯೇ ಕೂತು ಸೀರೆ ಒಗೆದಿದ್ದೆ. ಈಗ ಅಲ್ಲಿ ನೀರು ಮಾತ್ರ. ಬೇರೆ ಕಡೆ ಬಂದೆನೇನೋ ಎಂದು ಅತ್ತಿತ್ತ ನೋಡಿದೆ.

"ದೊಡ್ಡವ್ವಾ, ಒಗಿಯೂ ಕಲ್ಲು ಎಲ್ಲದ?"

"ಎಲ್ಲಿ ಹೋಗ್ತದ? ಅಲ್ಲೇ ಅದ ನೋಡು."

"ಇಲ್ಲ ದೊಡ್ಡವ್ವಾ."

ಅವಳು ಬಂದಳು. ನೀರನ್ನು ನೋಡಿದಳು. ನಂತರ ತಿರುಗಿ ಕಟ್ಟೆಯನ್ನು ನೋಡಿದಳು. ಹೊಳೆಯ ಕಡೆ ಕಟ್ಟೆಯ ಸುಣ್ಣ ಅರ್ಧ ನೀರಿನಲ್ಲಿತ್ತು. ಅತ್ತ ಓಡಿ ಬಗ್ಗಿದಳು. ಅವಳ ಕೈ ಅವ್ವನ ಕಾಲಿನಿಂದ ಕಟ್ಟೆಯ ಗೋಡೆಗುಂಟ ಕೆಳಗೆ ಇಳಿಯಿತು, ನೀರಿನೊಳಗೆ ಹೋಯಿತು, ಮೊಣಕೈವರೆಗೆ ಮುಳುಗಿತು.

"ಅವ್ವನ ಕಾಲು ಇಲ್ಲಿತ್ತು" ಎಂದಳು. "ನಾ ಕಟ್ಟಿ ಮುಟ್ಟೀನಿ. ಅವ್ವನ ಕಾಲಲ್ಲ."

ನನಗೆ ಅರ್ಥವಾಗುವ ಮೊದಲೇ ಅವಳು ಕೂಗತೊಡಗಿದ್ದಳು. ಗಡ್ಡಿಯ ಆ ದೊಡ್ಡ ದನಿ! ಆದರೆ ಗಾಳಿ ಹೊಳೆಯಿಂದ ನಮ್ಮ ಮುಖಕ್ಕೇ ಹೊಡೆಯುತ್ತಿತ್ತು. ಕೂಗಿದ್ದೆಲ್ಲ ನಮ್ಮ ಬೆನ್ನ ಹಿಂದೆ ಹೋಗಿ ಬೀಳುತ್ತಿತ್ತು. ರೇಣುಕಾ ಹೊಟ್ಟೆ ಹಿಡಿದುಕೊಂಡು ಜಾಗಟೆ ತಂದಳು. ಬಡಿದೆವು. ಹರಿಗೋಲಿನಲ್ಲಿ ಹಾಡು. ಅವರು ನಮ್ಮನ್ನು ಕಂಡರು, ಕಾಣಲಿಲ್ಲವೆಂದಲ್ಲ. ಕಂಡು, ಬೀಳ್ಕೊಡುತ್ತಿದ್ದೇವೆಂದು ತಿಳಿದು ಎಲ್ಲರೂ ಕೈ ಬೀಸಿದರು. ಒಬ್ಬ ಫೋಟೋ ತೆಗೆದ. ನಮ್ಮವರೂ ಬೂಟು ಎತ್ತಿ ಬೀಸಿದರು.

"ಓಡು! ಕಂಬಳಿ ತಾ!" ದೊಡ್ಡವ್ವ ನನ್ನ ರಟ್ಟೆ ಹಿಡಿದು ತಳ್ಳಿದಳು. ಓಡಿಹೋಗಿ ಮಂಚದ ಮೇಲಿನ ಕರಿಕಂಬಳಿ ಎಳೆದು ತಂದೆ. ಅವಳು ಕಟ್ಟೆ ಹತ್ತಿದ್ದಳು. ದೇವರ ಕಟ್ಟೆಯನ್ನು ಹೆಂಗಸು ಹತ್ತುವುದುಂಟೇ? ಹತ್ತಿ, ಕಂಬಳಿ ಬಿಚ್ಚಿ ಅವ್ವನ ತಲೆಯ ಮೇಲೆ ಹಾಕಿದಳು. ಗಾಳಿ ಕಿತ್ತೆಸೆಯಿತು. ಮತ್ತೆ ಹಾಕಿ, ಎರಡೂ ತೋಳಿನಿಂದ ಅವ್ವನನ್ನು ತಬ್ಬಿ ಕೂತಳು.

"ಆ ಕಡಿ ತುದಿ ಹಿಡಿ. ಕಟ್ಟಿನೂ ಮುಚ್ಚು. ಕೆಂಪು ಕಾಣಬಾರ್ದು, ಬಿಳಿ ಕಾಣಬಾರ್ದು. ಅವ ತಿರುಗಿ ನೋಡ್ತಾನ. ನಡುಹೊಳ್ಯಾಗ ತಿರುಗಿ ಕೈ ಮುಗೀತಾನ."

"ಮುಗೀತಾನೇನು ದೊಡ್ಡವ್ವಾ? ಹಾಡು ಹಚ್ಕೊಂಡಾನಲ್ಲ?"

ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಅದನ್ನೇ ಅವಳೂ ಯೋಚಿಸುತ್ತಿದ್ದಳು. ಮಂದಿ ತುಂಬಿಕೊಂಡು ಹೋಗುವಾಗ ಅಳಿಯ ಎಷ್ಟೋ ಸಲ ತಿರುಗುವುದನ್ನು ಮರೆತದ್ದಕ್ಕೇ ಅವರಿಬ್ಬರಿಗೆ ಎಷ್ಟು ಜಗಳವಾಗಿರಲಿಲ್ಲ! ನಾನು ಕಂಬಳಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, ಮೇಲೆ ಮೈಭಾರ ಹಾಕಿ ನಿಂತೆ. ಹರಿಗೋಲು ನಡುವಿಗೆ ಬಂತು. ನಿಂಗಪ್ಪನ ಬೆನ್ನು ಕಾಣುತ್ತಿತ್ತು. ನಡುವನ್ನು ದಾಟಿತು. ಬೆನ್ನು ಹಾಗೇ ಇತ್ತು. ಅದು ಮೆಲ್ಲಗೆ ಕೆಳಗೆ, ನಾಯಿಹಲ್ಲಿನ ಕಡೆಗೆ ಜಾರುತ್ತಿರುವುದು ನನ್ನಂಥವಳಿಗೂ ಕಂಡಿತು.

"ತಿರುಗೋ" ಎನ್ನುತ್ತಿದ್ದಳು ದೊಡ್ಡವ್ವ. ಕೂಗಲಿಲ್ಲ. ಮಗ್ಗುಲಲ್ಲಿದ್ದವನಿಗೆ ಹೇಳಿದಂತೆ. "ತಿರುಗೋ ನಿಂಗಪ್ಪಾ. ಒಂದ್ ಸಲ ತಿರುಗೋ ನಮ್ಮಪ್ಪಾ."

ಅವನು ತಿರುಗಿದ. ಕೋಲು ಕಂಕುಳಲ್ಲಿ ಇಟ್ಟು ಎರಡೂ ಕೈ ಎತ್ತಿದ. ಎತ್ತಿದ ಕೈ ಕೂಡಲಿಲ್ಲ, ಹಾಗೇ ನಿಂತವು. ಕರಿಕಲ್ಲಿನ ನಡುವೆ ಹುಟ್ಟಿದಾಗಿನಿಂದ ಗಡ್ಡಿಯವರು ಕಂಡ ಆ ಕೆಂಪು ಎಲ್ಲಿಯೂ ಇರಲಿಲ್ಲ. ಮರುಗಳಿಗೆ ಹಾಡು ನಿಂತಿತು. ಟೇಪ್ ರಿಕಾರ್ಡರನ್ನು ಅವನೇ ಕಾಲಿನಿಂದ ಒದ್ದು ಹೊಳೆಗೆ ಹಾಕಿದನೆಂದು ನಮ್ಮವರು ಆಮೇಲೆ ಹೇಳಿದರು. "ಎಲ್ಲಾರೂ ಹುಟ್ಟು ಹಾಕ್ರಿ, ಕೈಲೆ ಹಾಕ್ರಿ, ತಾಟಿಲೆ ಹಾಕ್ರಿ" ಎಂದು ಕೂಗಿದನಂತೆ. ಹರಿಗೋಲು ಗಿರಕಿ ಹೊಡೆಯಿತು, ಮೇಲೆ ಬರಲಾರದೆ ಗಡ್ಡಿಯ ಬಾಲದ ಕಡೆಗೆ ಸರಿಯಿತು. ಊರಿನವರು ಅಷ್ಟರಲ್ಲಿ ಹಗ್ಗ ಹಿಡಿದು ಅಲ್ಲಿಗೆ ಓಡಿದ್ದರು. ಕೊನೆಯ ಬಂಡೆಗೆ ಹರಿಗೋಲು ಬಡಿಯಿತು, ಬಿದಿರು ಮುರಿದ ಸದ್ದು ಕೇಳಿತು, ಹಗ್ಗ ಸಿಕ್ಕಿತು. ಒಬ್ಬೊಬ್ಬರನ್ನೇ ಎಳೆದುಕೊಂಡರು. ನಮ್ಮವರು ಕೂಸಿನಂತೆ ಅಂಬೆಗಾಲಿಟ್ಟು ಮೇಲೆ ಬಂದರು. ಬೂಟು ಹೊಳೆಗೆ ಹೋಗಿತ್ತು.

ದೊಡ್ಡವ್ವ ಬಂದಾಗ ನಿಂಗಪ್ಪ ಮಂಡಿಯಲ್ಲಿ ತಲೆಯಿಟ್ಟು ಕೂತಿದ್ದ.

"ಅತ್ತಿ, ಅವ್ವ ಕಾಣಲಿಲ್ಲ. ಹೊಳಿ ಅವ್ವನ್ನ ಒಯ್ತು ಅಂದ್ಕೊಂಡೆ. ಅವ್ವ ಮುಳುಗೂ ಅಷ್ಟು ನೀರು ಬಂದದ ಅಂದ್ಕೊಂಡೆ."

"ಎಲ್ಲಾರೂ ಬಂದಾರೇನು?" ಎಂದಷ್ಟೇ ಕೇಳಿದಳು.

ಬಂದವರಲ್ಲಿ ಒಬ್ಬರು, ನಡುವಯಸ್ಸಿನವರು, ನಡುಗುತ್ತಲೇ ಸಿಟ್ಟಿನಿಂದ ಹೇಳಿದರು: "ನೀವೇ ಅಲ್ಲೇನ್ರಿ ಹೋಗ್ರಿ ಅಂದವ್ರು? ಕೈ ಎತ್ತಿ ತೋರ್ಸಿದವ್ರು?"

"ಹೌದ್ರೆಪ್ಪಾ" ಎಂದಳು ದೊಡ್ಡವ್ವ. "ನಾನೇ."

ಬೂಟಿನ ಹುಡುಗನ ಸುದ್ದಿ, ಬಾಟಲಿಯ ಸುದ್ದಿ, ಗೇಟಿನ ಸುದ್ದಿ, ಯಾವುದನ್ನೂ ಎತ್ತಲಿಲ್ಲ. ನೀರು ಇಳಿಯುವವರೆಗೆ ಆ ಗುಂಪು ಗಡ್ಡಿಯಲ್ಲೇ ಉಳಿಯಿತು. ಅಷ್ಟು ಮಂದಿಗೂ ತಾನೇ ರೊಟ್ಟಿ ಬಡಿದು ಹಾಕಿದಳು.

ಅವ್ವನನ್ನು ಕೆಳಗಿಳಿಸಬೇಕೆಂದು ಮರುದಿನವೇ ಹಟ ಹಿಡಿದಳು. ಏರಿಸಿದ ದೇವರನ್ನು ಇಳಿಸುವುದು ಅಪಶಕುನವೆಂದು ಹಿರಿಯರು ತಡೆದರು. "ನಾ ಏರ್ಸೀನಿ, ನಾ ಇಳಸ್ತೀನಿ. ಶಕುನ ನನ್ನ ತೆಲಿ ಮ್ಯಾಲ ಇರ್ಲ್ಯಾಕ" ಎಂದಳು. ಆದರೆ ಇಳಿಸುವುದು ಎಲ್ಲಿಗೆ? ಮೊದಲಿದ್ದ ಗುಣಿಯನ್ನು ಸಿಮೆಂಟು ನುಂಗಿತ್ತು. ಒಬ್ಬ ಹಿರಿಯ ಕಾಲು ಇಷ್ಟು ಎತ್ತರ ಇತ್ತೆಂದ, ಇನ್ನೊಬ್ಬ ಅದಕ್ಕಿಂತ ಒಂದು ಗೇಣು ಕೆಳಗೆಂದ. ದಿನವೂ ಮುಟ್ಟಿದ ದೊಡ್ಡವ್ವನ ಅಂಗೈಗೂ ಗೊತ್ತಾಗಲಿಲ್ಲ. ಬಗ್ಗಿ ಬಗ್ಗಿ ನೋಡಿದಳು. ಕೊನೆಗೆ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡಳು.

"ಬ್ಯಾಡ ಬಿಡ್ರಿ. ಅಕಿ ಅಲ್ಲೇ ಇರ್ಲಿ. ಇನ್ನ ಮ್ಯಾಲ ನಾ ಅಂಗೈ ತೋರ್ಸಂಗಿಲ್ಲ. ಹೋಗ್ರಿ ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ."

"ಮತ್ತ ಹರಗೋಲ ಹಾಕೂದು ಹ್ಯಾಂಗ ಅತ್ತಿ?"

"ನಾ ಕುಂತ್ರ ಹಾಕು."

ಅವಳು ಹೇಳಿದ್ದು ಅಷ್ಟೇ, ಮಾಡಿದ್ದೂ ಅಷ್ಟೇ. ಮುಂಗಾರಿನಿಂದ ದೀಪಾವಳಿಯವರೆಗೆ, ಹರಿಗೋಲು ದಾಟಬೇಕಾದಾಗಲೆಲ್ಲ ದಂಡೆಗೆ ಬಂದು ನೀರು ನೋಡುವಳು. ಮನಸ್ಸಿಗೆ ಬಂದರೆ ಎಲ್ಲರಿಗಿಂತ ಮೊದಲು ತಾನು ಹತ್ತಿ ನಡುವೆ ಕೂಡುವಳು, ಎಲ್ಲರೊಡನೆ ಆಚೆ ಹೋಗುವಳು, ಮತ್ತೆ ಈಚೆ ಬರುವಳು. ಮನಸ್ಸಿಗೆ ಬರದಿದ್ದರೆ ತಿರುಗಿ ಮನೆಗೆ ನಡೆಯುವಳು. ಆವತ್ತು ಹರಿಗೋಲು ಇಲ್ಲ. ಬಂದ ಮಂದಿ ಆಚೆ ದಂಡೆಯಲ್ಲಿ ನಿಂತು ಬೈದರೂ ಇಲ್ಲ.

"ದಿನಾ ಎಷ್ಟ್ ಸಲ ಹೊಳಿ ದಾಟ್ತಿ ಅತ್ತಿ? ಮಂದಿ ನಗತಾರ" ಎಂದು ನಿಂಗಪ್ಪ ಗೊಣಗಿದ.

"ನಗಲಿ. ಮುಳುಗೂದ್ಕಿಂತ ಛಲೋ ಅದ."

ಬಂದವರಿಗೆ ಇದೆಲ್ಲ ಏನು ಗೊತ್ತು? ಇಳಕಲ್ ಸೀರೆಯ ಮುದುಕಿಯೊಬ್ಬಳು ಹರಿಗೋಲಿನ ನಡುವೆ ಕುಕ್ಕರಗಾಲಿನಲ್ಲಿ ಕೂತಿರುವುದೂ ಗಡ್ಡಿಯ ನೋಟಗಳಲ್ಲೊಂದು ಎಂದುಕೊಂಡು ಮಗ್ಗುಲಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳು ಈಗ ಕ್ಯಾಮೆರಾ ನೋಡುತ್ತಿರಲಿಲ್ಲ. ಅವಳ ಕಣ್ಣು ನೀರಿನ ಮೇಲೆ ಇರುತ್ತಿತ್ತು. ಹಾಗೆ ಎಷ್ಟೋ ಮುಂಗಾರು ಕಳೆದವು. ಅವಳು ಕೂತ ಹರಿಗೋಲಿಗೆ ಒಂದು ಗೀರೂ ಆಗಲಿಲ್ಲ.

ಕೊನೆಯ ಸಲ ನಾವು ಹೋದದ್ದು ಅವಳನ್ನು ಕ್ಯಾಂಪಿಗೆ ಕರೆತರಲು. ಎದೆಯಲ್ಲಿ ಕಫ ಕಟ್ಟಿ ಜ್ವರ ಬಿಟ್ಟಿಲ್ಲ, ದವಾಖಾನೆಗೆ ಬರಲು ಒಪ್ಪುತ್ತಿಲ್ಲ, ನೀವಾದರೂ ಬಂದು ಹೇಳಿರೆಂದು ರೇಣುಕಾ ಹೇಳಿಕಳಿಸಿದ್ದಳು. ಅವಳು ಮಲಗಿದಾಗಿನಿಂದ ನಿಂಗಪ್ಪನ ಹರಿಗೋಲು ನಿಂತಿತ್ತು; ಮೀನು ಹಿಡಿಯುವವರ ಪುಟ್ಟ ತೆಪ್ಪದಲ್ಲಿ ನಾವು ದಾಟುವಾಗ ಹೊಳೆ ತಣ್ಣಗಿತ್ತು. ದೊಡ್ಡವ್ವ ನನ್ನ ಮಾತಿಗೆ ಒಪ್ಪಿದಳು. "ನಡಿ ಹಂಗಾರ, ಕುರ್ಚಿಕಾಲಿನ ಮನಿ ಒಮ್ಮೆ ನೋಡಿ ಬರ್ತೀನಿ" ಎಂದಳು. ಮಂಚದ ಸಮೇತ ಅವಳನ್ನು ಹೊತ್ತು ದಂಡೆಗೆ ತರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ನೀರಿನ ಬಣ್ಣ ಸ್ವಲ್ಪ ಬದಲಾಗಿತ್ತು, ಅಷ್ಟೇ. ಹೆಚ್ಚೇನೂ ಏರಿರಲಿಲ್ಲ.

ನಿಂಗಪ್ಪ ಹರಿಗೋಲು ಹಿಡಿದು ನಿಂತ. ನಮ್ಮವರು, ರೇಣುಕಾ, ಹೊರಲು ಬಂದ ಇಬ್ಬರು, ನಾನು, ಎಲ್ಲರೂ ದಾಟಬೇಕಾದವರು. ಎಂದಿನಂತೆ ಅವಳೇ ಮೊದಲು ಹತ್ತಬೇಕು. ನಿಂಗಪ್ಪ ಎತ್ತಲು ಬಗ್ಗಿದ. ದೊಡ್ಡವ್ವ ತಲೆ ಹೊರಳಿಸಿ ಹೊಳೆ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಯಿಂದ ಮಂಚದ ಕಟ್ಟು ಹಿಡಿದಳು.

"ಬಿಡು ಅತ್ತಿ. ನಾ ಎತ್ತೀನಿ."

ಅವಳು ಬಿಡಲಿಲ್ಲ.

"ನೀರೇನ್ ಅಷ್ಟಿಲ್ಲ ದೊಡ್ಡವ್ವಾ" ಎಂದರು ನಮ್ಮವರು ಮಗ್ಗುಲಲ್ಲಿ ಕೂತು. "ಜಲ್ದಿ ದಾಟಿಬಿಟ್ರ ರಾತ್ರಿಯೊಳಗ ದವಾಖಾನಿ ಸೇರ್ತೀವಿ. ಬರ್ರಿ."

ಕೆಮ್ಮಿನ ನಡುವೆ ಅವಳು ನಕ್ಕಳು. "ನೀವು ನೀರಿನ ಖಾತೇದವ್ರು ಅಳಿಯಾ. ನಿಮ್ಮ ನೀರು ಕಾಲುವ್ಯಾಗ ಇರ್ತದ."

"ನಿನಗ ಉಸಿರು ಹತ್ತಾಕತ್ತದ ಯವ್ವಾ" ಎಂದು ರೇಣುಕಾ ಅತ್ತಳು. "ನಿನ್ನ ಸಲುವಾಗಿ ಹೊಂಟೀವಿ ಯವ್ವಾ."

"ನನ್ನ ಸಲುವಾಗಿ ಅಂದ್ಯಲ್ಲ, ಅದಕ್ಕ ನೋಡು" ಎಂದಳು ದೊಡ್ಡವ್ವ.

ಕೈ ಹಾಗೇ ಇತ್ತು. ಆ ಬೆರಳುಗಳನ್ನು ಬಿಡಿಸುವುದು ಯಾರಿಗೂ ಕಷ್ಟವಿರಲಿಲ್ಲ, ಅಷ್ಟು ಸೋತಿದ್ದಳು. ಯಾರೂ ಬಿಡಿಸಲಿಲ್ಲ. ನಿಂಗಪ್ಪ ಹರಿಗೋಲನ್ನು ಎಳೆದು ಬಂಡೆಯ ಮೇಲೆ ಬೋರಲು ಹಾಕಿದ. ಮಂಚ ಹೊತ್ತು ಮನೆಗೆ ತಿರುಗಿದೆವು. ಅವತ್ತು ಹೋಗಿದ್ದರೆ ಏನಾಗುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಖವಾಗಿ ದಾಟುತ್ತಿದ್ದೆವೋ ಏನೋ. ಮರುದಿನ ಬೆಳಿಗ್ಗೆ ಹೊಳೆ ಇಳಿದಿತ್ತು, ನೀರು ತಿಳಿಯಾಗಿತ್ತು. ನಿಂಗಪ್ಪ ಆಚೆ ದಂಡೆಯ ಊರುಗಳಿಗೆ ದೊಡ್ಡವ್ವನ ಸಾವಿನ ಸುದ್ದಿ ಮುಟ್ಟಿಸಲು ಹರಿಗೋಲು ಇಳಿಸಿದ. ಅತ್ತೆ ಕೂತಿರದ ಹರಿಗೋಲನ್ನು ಆ ಮುಂಗಾರಿನಲ್ಲಿ ಅವನು ಹಾಕಿದ್ದು ಅದೇ ಮೊದಲು.

ಅದರ ಹಿಂದಿನ ಸಂಜೆ, ಮಂಚ ಮನೆಗೆ ತಿರುಗಿದ ಮೇಲೆ, ರೇಣುಕಾ ಸಜ್ಜೆ ರೊಟ್ಟಿ ಬಡಿದಿದ್ದಳು. ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಇದ್ದವು. ದೊಡ್ಡವ್ವನಿಗೆ ನಾನು ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕಲಸಿ ಕೊಟ್ಟೆ. ನಾಲ್ಕು ತುತ್ತು ಉಂಡು ಸಾಕೆಂದಳು. ನಮ್ಮವರ ತಟ್ಟೆ ಬರಿದಾದದ್ದನ್ನು ಮಲಗಿದಲ್ಲಿಂದಲೇ ಕಂಡು, "ಅಳಿಯಾಗ ಇನ್ನೊಂದ್ ರೊಟ್ಟಿ ಹಾಕ್ರೆವ್ವಾ, ನಾಚ್ಗೋತಾರ" ಎಂದಳು. ಅವರು ಹಾಕಿಸಿಕೊಂಡರು. ನಾವೆಲ್ಲ ಒಲೆಯ ಸುತ್ತ ಬೆಳಗಿನ ಹಾದಿಯ ಬಗ್ಗೆ, ಯಾರು ಎಲ್ಲಿ ಹಿಡಿಯಬೇಕು, ಬಸ್ಸು ಎಷ್ಟೊತ್ತಿಗೆ ಎಂದು ಮಾತಾಡುತ್ತ ಕೂತಿದ್ದೆವು. ಎಲ್ಲರಿಗಿಂತ ಮೊದಲು ಮಲಗಿದವಳು ದೊಡ್ಡವ್ವ.